ದುಬೈಯಲ್ಲಿ ಸ್ವಂತ ವ್ಯಾಪಾರಕ್ಕೆ ಇನ್ವೆಸ್ಟರ್ ವೀಸಾ: ಮೊದಲು ಕಂಪನಿ, ಆಮೇಲೆ ವೀಸಾ

ಮೊಬೈಲಿನಲ್ಲಿ ನಾಲ್ಕು ರೀಲ್ಸ್ ನೋಡಿದರೆ ಒಂದರಲ್ಲಾದರೂ ಈ ಜಾಹೀರಾತು ಬರುತ್ತದೆ: ಮೂರು ದಿನದಲ್ಲಿ ದುಬೈ ಲೈಸೆನ್ಸ್, ಒಂದು ವಾರದಲ್ಲಿ ಇನ್ವೆಸ್ಟರ್ ವೀಸಾ, ತೆರಿಗೆ ಸೊನ್ನೆ. ಭಟ್ಕಳ, ಉಡುಪಿ, ಮಂಗಳೂರಿನ ಮನೆಗಳಿಗೆ ಗಲ್ಫ್ ವೀಸಾ ಹೊಸದಲ್ಲ. ಆದರೆ ಅಲ್ಲಿನವರಿಗೆ ಗೊತ್ತಿರುವುದು ಹೆಚ್ಚಾಗಿ ಕೆಲಸದ ವೀಸಾ, ಅಂದರೆ ಕಂಪನಿಯೊಂದು ಕರೆಸಿಕೊಂಡು ಕೊಡಿಸುವ ವೀಸಾ. ತಾನೇ ಕಂಪನಿ ಮಾಡಿ, ಆ ಕಂಪನಿಯ ಬಲದ ಮೇಲೆ ತನಗೇ ವೀಸಾ ಪಡೆಯುವುದು ಬೇರೆಯದೇ ದಾರಿ. ಜಾಹೀರಾತಿನಲ್ಲಿ ಹೇಳಿದ್ದು ಪೂರ್ತಿ ಸುಳ್ಳಲ್ಲ. ಲೈಸೆನ್ಸ್ ನಿಜಕ್ಕೂ ಬೇಗ ಸಿಗಬಹುದು. ತೊಂದರೆ ಶುರುವಾಗುವುದು ಅದರ ಹಿಂದೆ ಮತ್ತು ಮುಂದೆ.

ಏನಿದು ಇನ್ವೆಸ್ಟರ್ ವೀಸಾ

ಹೆಸರು ಕೇಳಿದರೆ ಇಂತಿಷ್ಟು ದುಡ್ಡು ಹಾಕಿದರೆ ಸರ್ಕಾರ ವಾಸಿಸಲು ಬಿಡುತ್ತದೆ ಅನಿಸುತ್ತದೆ. ಅಂಥ ವೀಸಾವೂ ಇದೆ. 20 ಲಕ್ಷ ದಿರ್ಹಂ ಬೆಲೆಯ ಆಸ್ತಿ ಇದ್ದವರಿಗೆ ಸಿಗುವ 10 ವರ್ಷದ ಗೋಲ್ಡನ್ ವೀಸಾ ಆ ಬಗೆಯದು. ಸಣ್ಣ ವ್ಯಾಪಾರಿಗಳು ಕೇಳುವುದು ಅದನ್ನಲ್ಲ. ಅವರಿಗೆ ಸಿಗುವುದು ಸಾಮಾನ್ಯವಾಗಿ 2 ವರ್ಷದ, ನವೀಕರಿಸಿಕೊಳ್ಳಬಹುದಾದ ವಾಸದ ಪರವಾನಗಿ. ಇದನ್ನು ಇನ್ವೆಸ್ಟರ್ ವೀಸಾ ಅಥವಾ ಪಾರ್ಟ್ನರ್ ವೀಸಾ ಎನ್ನುತ್ತಾರೆ. ಯುಎಇಯಲ್ಲಿ ನೋಂದಾದ ಕಂಪನಿಯೊಂದರಲ್ಲಿ ಪಾಲು ಇರುವುದೇ ಇದಕ್ಕೆ ಆಧಾರ.

ನಮ್ಮ ಕಡೆಯ ಕರೆಂಟ್ ಮೀಟರಿಗೆ ಹೋಲಿಸಿದರೆ ತಿಳಿಯುವುದು ಸುಲಭ. ಆರ್‌ಆರ್ ನಂಬರ್ ಮನುಷ್ಯನಿಗಲ್ಲ, ಕಟ್ಟಡಕ್ಕೆ. ಕಟ್ಟಡ ಇದ್ದರೆ ಮೀಟರು, ಅದನ್ನು ಕೆಡವಿದರೆ ಮೀಟರೂ ಹೋಯಿತು. ಈ ವೀಸಾವೂ ಹಾಗೆಯೇ ಕಂಪನಿಗೆ ಅಂಟಿಕೊಂಡಿದೆ. ಪಾಲು ಮಾರಿದರೆ, ಲೈಸೆನ್ಸ್ ನವೀಕರಿಸದಿದ್ದರೆ, ಕಂಪನಿ ಮುಚ್ಚಿದರೆ ವೀಸಾಕ್ಕೂ ನೆಲೆ ಇಲ್ಲ. ಆದ್ದರಿಂದ ಯಾವ ವೀಸಾ ಅಗ್ಗ ಎಂದು ಹುಡುಕುವ ಮೊದಲು ಯಾವ ವ್ಯಾಪಾರ, ಯಾರಿಗೆ ಮಾರುವುದು ಎಂದು ತೀರ್ಮಾನಿಸಬೇಕು.

ಮೇನ್‌ಲ್ಯಾಂಡೋ, ಫ್ರೀಝೋನೋ

ಕಂಪನಿ ಮಾಡಲು ಎರಡು ಜಾಗಗಳಿವೆ. ಮೇನ್‌ಲ್ಯಾಂಡ್ ಅಂದರೆ ಸಾಮಾನ್ಯ ಊರು. ದುಬೈಯಲ್ಲಿ ಅದರ ಲೈಸೆನ್ಸ್ ಕೊಡುವುದು ಆರ್ಥಿಕತೆ ಮತ್ತು ಪ್ರವಾಸೋದ್ಯಮ ಇಲಾಖೆ. ಹಳಬರು ಈಗಲೂ ಅದನ್ನು ಡಿಇಡಿ ಎಂದೇ ಕರೆಯುತ್ತಾರೆ. ಫ್ರೀಝೋನ್ ಅಂದರೆ ಬೇಲಿ ಹಾಕಿದ ಬೇರೆ ವಲಯ. ಅದಕ್ಕೆ ಅದರದೇ ಪ್ರಾಧಿಕಾರ, ಅದರದೇ ಲೈಸೆನ್ಸ್, ಅದರದೇ ನಿಯಮ. 1985ರಲ್ಲಿ ಶುರುವಾದ ಜಬೆಲ್ ಅಲಿ ಇವುಗಳಲ್ಲಿ ಮೊದಲನೆಯದು. ಈಗ ಯುಎಇಯಲ್ಲಿ ಇಂಥ 40ಕ್ಕೂ ಹೆಚ್ಚು ವಲಯಗಳಿವೆ.

ಮೊದಲು ಮೇನ್‌ಲ್ಯಾಂಡಿನ ವ್ಯಾಪಾರದ ಕಂಪನಿಯಲ್ಲಿ 51% ಪಾಲು ಸ್ಥಳೀಯನ ಹೆಸರಲ್ಲಿ ಇರಲೇಬೇಕಿತ್ತು. ಕಫೀಲನ, ಅಂದರೆ ಆ ಸ್ಥಳೀಯ ಪ್ರಾಯೋಜಕನ ಹೆಸರಿಗೆ ಪಾಲು ಬರೆದು, ಅವನಿಗೆ ವರ್ಷ ವರ್ಷ ಹಣ ಕೊಡುವ ಪದ್ಧತಿ ಬಂದದ್ದು ಅಲ್ಲಿಂದ. 2021ರ ಜೂನ್ 1ರಿಂದ ಹೆಚ್ಚಿನ ವ್ಯಾಪಾರಗಳಲ್ಲಿ ವಿದೇಶಿಯರೇ 100% ಮಾಲೀಕರಾಗಬಹುದು. ಈಗಲೂ ‘ಲೋಕಲ್ ಪಾರ್ಟ್ನರ್ ಬೇಕೇ ಬೇಕು’ ಎನ್ನುವ ಏಜೆಂಟನಿಗೆ ‘ಯಾವ ಆಕ್ಟಿವಿಟಿಗೆ?’ ಎಂದು ತಿರುಗಿ ಕೇಳಿ.

ಈ ಆಕ್ಟಿವಿಟಿ ಎಂಬ ಮಾತನ್ನು ಸರಿಯಾಗಿ ಹಿಡಿದುಕೊಳ್ಳಬೇಕು. ಲೈಸೆನ್ಸಿನಲ್ಲಿ ಬರಿದೇ ‘ವ್ಯಾಪಾರ’ ಎಂದಿರುವುದಿಲ್ಲ, ಯಾವ ವ್ಯಾಪಾರ ಎಂದು ಇರುತ್ತದೆ. ದುಬೈ ಮೇನ್‌ಲ್ಯಾಂಡಿನ ಪಟ್ಟಿಯಲ್ಲಿ 2,000ಕ್ಕೂ ಹೆಚ್ಚು ಆಕ್ಟಿವಿಟಿಗಳಿವೆ.

ಚಿಕ್ಕಮಗಳೂರಿನ ಕಾಫಿಯನ್ನು ದುಬೈಗೆ ಒಯ್ಯಬೇಕೆಂದು ಒಬ್ಬರು ಹೊರಟರು ಎಂದಿಟ್ಟುಕೊಳ್ಳಿ. ಪುಡಿಯ ಪೊಟ್ಟಣ ತರಿಸಿ ಅಂಗಡಿಗಳಿಗೆ ಹಾಕುವುದು ಟ್ರೇಡಿಂಗ್. ಬೀಜ ತರಿಸಿ ಅಲ್ಲೇ ಹುರಿದು ಪುಡಿ ಮಾಡುವುದು ಕೈಗಾರಿಕೆಯ ಸಾಲಿಗೆ ಸೇರುತ್ತದೆ. ಡಿಕಾಕ್ಷನ್ ಇಳಿಸಿ ಲೋಟದಲ್ಲಿ ಮಾರಿದರೆ ಅದು ಕೆಫೆ. ಅಡುಗೆಮನೆಯ ನಕ್ಷೆಗೆ ಮೊದಲೇ ಮುನ್ಸಿಪಾಲಿಟಿಯ ಒಪ್ಪಿಗೆ ಬೇಕು. ಒಂದೇ ಕಾಫಿಗೆ ಮೂರು ಲೈಸೆನ್ಸ್, ಮೂರು ಬಗೆಯ ಜಾಗ, ಮೂರು ಬಗೆಯ ಖರ್ಚು. ಪೊಟ್ಟಣವೇ ಆದರೂ ಉತ್ಪನ್ನವನ್ನೂ ಅದರ ಲೇಬಲನ್ನೂ ಮುನ್ಸಿಪಾಲಿಟಿಯಲ್ಲಿ ನೋಂದಾಯಿಸಬೇಕು. ಲೇಬಲ್ ಅರೇಬಿಕ್ಕಿನಲ್ಲೂ ಇರಬೇಕು, ಚಿಕೋರಿ ಬೆರೆತಿದ್ದರೆ ಪದಾರ್ಥಗಳ ಪಟ್ಟಿಯಲ್ಲಿ ಕಾಣಬೇಕು. ಊರಲ್ಲಿ ಮೊದಲೇ 5,000 ಪೊಟ್ಟಣ ಅಚ್ಚು ಹಾಕಿಸಿಕೊಂಡು ಹೋದವರು ಅಲ್ಲಿ ಒಂದೊಂದಕ್ಕೂ ಸ್ಟಿಕ್ಕರ್ ಅಂಟಿಸುತ್ತಾ ಕೂರಬೇಕಾಗುತ್ತದೆ.

ಇನ್ನು ಜಾಗದ ಆಯ್ಕೆ. ಪುಡಿಯನ್ನು ದುಬೈಯ ಕರಾಮಾ ಬಡಾವಣೆಯ ಅಂಗಡಿಗಳಿಗೆ ನೇರವಾಗಿ ಹಾಕುವುದಾದರೆ ಮೇನ್‌ಲ್ಯಾಂಡ್ ಲೈಸೆನ್ಸ್ ಬೇಕು. ಇಲ್ಲವೇ ಮೇನ್‌ಲ್ಯಾಂಡಿನ ವಿತರಕರೊಬ್ಬರನ್ನು ಹಿಡಿಯಬೇಕು. ದುಬೈಯಿಂದ ಬೇರೆ ದೇಶಕ್ಕೆ ಕಳಿಸುವ ಸಗಟು ವ್ಯವಹಾರವಾದರೆ ಫ್ರೀಝೋನ್ ಹೊಂದುತ್ತದೆ. ಡಿಎಂಸಿಸಿ ಎಂಬ ಫ್ರೀಝೋನ್ 2019ರಲ್ಲಿ ಕಾಫಿಗೆಂದೇ ಒಂದು ಕೇಂದ್ರವನ್ನು ತೆರೆದಿದೆ. ಸಾಫ್ಟ್‌ವೇರ್, ಡಿಸೈನ್, ಕನ್ಸಲ್ಟಿಂಗ್‌ನವರಲ್ಲಿ ಹೊರದೇಶದ ಗಿರಾಕಿಗಳೇ ಹೆಚ್ಚಾದ್ದರಿಂದ ಅವರೂ ಫ್ರೀಝೋನನ್ನೇ ಆರಿಸುತ್ತಾರೆ. 2025ರಲ್ಲಿ ದುಬೈ ನಿಯಮ ಸಡಿಲಿಸಿ, ಫ್ರೀಝೋನ್ ಕಂಪನಿಗಳು ಪ್ರತ್ಯೇಕ ಪರವಾನಗಿ ಪಡೆದು ಮೇನ್‌ಲ್ಯಾಂಡಿನಲ್ಲಿ ವ್ಯವಹರಿಸುವುದಕ್ಕೆ ದಾರಿ ಮಾಡಿದೆ. ಆದರೆ ಆ ಪರವಾನಗಿ ತಾನಾಗಿ ಬರುವುದಿಲ್ಲ, ಕೇಳಿ ಪಡೆಯಬೇಕು.

ಅಗ್ಗದ ಪ್ಯಾಕೇಜ್‌ನ ಒಳಗೇನಿದೆ

ಜಾಹೀರಾತಿನಲ್ಲಿ ಕಾಣುವ ಅತಿ ಕಡಿಮೆ ಬೆಲೆ ಸಾಮಾನ್ಯವಾಗಿ ‘ಝೀರೋ ವೀಸಾ’ ಲೈಸೆನ್ಸಿನದು. ಕಂಪನಿ ಸಿಗುತ್ತದೆ, ವೀಸಾ ಸಿಗುವುದಿಲ್ಲ. ಹಣ ಕಟ್ಟುವ ಮೊದಲು ಇವೆಲ್ಲ ಒಳಗೊಂಡಿವೆಯೇ ಎಂದು ಬರಹದಲ್ಲಿ ಕೇಳಿ: ಎಸ್ಟಾಬ್ಲಿಷ್‌ಮೆಂಟ್ ಕಾರ್ಡ್ (ಕಂಪನಿ ವೀಸಾ ಅರ್ಜಿ ಹಾಕಲು ಬೇಕಾದ ಖಾತೆ), ಎಂಟ್ರಿ ಪರ್ಮಿಟ್, ದೇಶದೊಳಗೇ ಇದ್ದು ವೀಸಾ ಸ್ಥಿತಿ ಬದಲಾಯಿಸುವ ಶುಲ್ಕ, ಮೆಡಿಕಲ್, ಎಮಿರೇಟ್ಸ್ ಐಡಿ (ಅಲ್ಲಿನ ಗುರುತಿನ ಚೀಟಿ), ಆರೋಗ್ಯ ವಿಮೆ. ಎರಡನೇ ವರ್ಷದ ನವೀಕರಣಕ್ಕೆ ಎಷ್ಟಾಗುತ್ತದೆ ಎಂಬುದನ್ನೂ ಕೇಳಿ, ಏಕೆಂದರೆ ರಿಯಾಯಿತಿ ಹೆಚ್ಚಾಗಿ ಮೊದಲ ವರ್ಷಕ್ಕೆ ಮಾತ್ರ. ವೀಸಾದಲ್ಲಿ ನಿಮ್ಮ ಹುದ್ದೆ ಏನೆಂದು ಬರುತ್ತದೆ ಎಂದೂ ಕೇಳಿ. ಪಾಲಿನ ಮೊತ್ತ ತೀರಾ ಸಣ್ಣದಿದ್ದರೆ ಕೆಲವು ಕಡೆ ‘ಪಾರ್ಟ್ನರ್’ ಬದಲು ‘ಮ್ಯಾನೇಜರ್’ ಎಂದು ಸಿಬ್ಬಂದಿಯ ವೀಸಾ ಕೊಟ್ಟು ಕಳಿಸುತ್ತಾರೆ.

‘ದುಬೈ ಕಂಪನಿ’ ಎಂದು ಮಾರುವ ಪ್ಯಾಕೇಜು ಶಾರ್ಜಾ, ಅಜ್ಮಾನ್ ಅಥವಾ ರಾಸ್ ಅಲ್ ಖೈಮಾದ ಫ್ರೀಝೋನಿನದೂ ಆಗಿರಬಹುದು. ಅದರಲ್ಲಿ ಮೋಸವೇನೂ ಇಲ್ಲ. ಆ ವೀಸಾ ಇಟ್ಟುಕೊಂಡು ದುಬೈಯಲ್ಲಿ ವಾಸಿಸಬಹುದು. ಆದರೆ ಮೆಡಿಕಲ್, ಬೆರಳಚ್ಚು, ವೀಸಾ ಕೆಲಸಗಳಿಗೆ ಹೆಚ್ಚಾಗಿ ಆ ಎಮಿರೇಟಿಗೇ ಓಡಾಡಬೇಕು. ಆ ಲೈಸೆನ್ಸಿನ ಮೇಲೆ ದುಬೈಯಲ್ಲಿ ಅಂಗಡಿ ತೆರೆಯಲಾಗದು.

ಕಾಗದಗಳು ಯಾವ ಸಾಲಿನಲ್ಲಿ ಬರುತ್ತವೆ

ಮೇನ್‌ಲ್ಯಾಂಡಿನಲ್ಲಿ ಮೊದಲು ಆಕ್ಟಿವಿಟಿ ಆರಿಸಿ ಕಂಪನಿಗೆ ಹೆಸರು ಕಾಯ್ದಿರಿಸಬೇಕು. ದೇವರ ಹೆಸರು, ಧಾರ್ಮಿಕ ಪದಗಳು ನಡೆಯುವುದಿಲ್ಲ. ಊರಲ್ಲಿ ‘ಶ್ರೀ ಮಂಜುನಾಥ ಟ್ರೇಡರ್ಸ್’ ಎಂದಿದ್ದವರು ಬೇರೆ ಹೆಸರನ್ನು ಮೊದಲೇ ಯೋಚಿಸಿಟ್ಟುಕೊಳ್ಳುವುದು ಒಳ್ಳೆಯದು. ಆಮೇಲೆ ಪ್ರಾಥಮಿಕ ಒಪ್ಪಿಗೆ. ಒಬ್ಬರಿಗಿಂತ ಹೆಚ್ಚು ಪಾಲುದಾರರಿದ್ದರೆ ಯಾರ ಪಾಲು ಎಷ್ಟು, ಸಹಿ ಹಾಕುವ ಅಧಿಕಾರ ಯಾರಿಗೆ ಎಂಬ ಒಪ್ಪಂದಪತ್ರ. ಅಣ್ಣತಮ್ಮಂದಿರು, ಭಾವ-ಮೈದುನರು ಸೇರಿ ಮಾಡುವಾಗ ‘ನಮ್ಮನಮ್ಮಲ್ಲೇ ಅಲ್ಲವಾ’ ಎಂದು ಓದದೆ ಸಹಿ ಹಾಕುವುದು ಇದೇ ಕಾಗದಕ್ಕೆ. ಬ್ಯಾಂಕು ಆಮೇಲೆ ನಂಬುವುದು ಇದರಲ್ಲಿ ಬರೆದದ್ದನ್ನು ಮಾತ್ರ.

ಮುಂದೆ ಕಚೇರಿ. ದುಬೈಯಲ್ಲಿ ಬಾಡಿಗೆ ಕರಾರನ್ನು ‘ಎಜಾರಿ’ ಎಂಬ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು. ಜಾಗದ ಅಳತೆಗೂ ವೀಸಾ ಸಂಖ್ಯೆಗೂ ಸಂಬಂಧ ಇದೆ: ಸುಮಾರು 9 ಚದರ ಮೀಟರಿಗೆ ಒಂದು ವೀಸಾ ಎಂಬುದು ಅಲ್ಲಿ ರೂಢಿಯಲ್ಲಿರುವ ಲೆಕ್ಕ. ಐದು ಜನರನ್ನು ಕರೆಸಿಕೊಳ್ಳುವ ಯೋಚನೆ ಇದ್ದು, ಒಂದು ಮೇಜಿನ ಜಾಗ ಹಿಡಿದರೆ ಮೂರನೇ ಅರ್ಜಿಯ ಹೊತ್ತಿಗೆ ಮತ್ತೆ ಜಾಗ ಹುಡುಕಬೇಕು. ಫ್ರೀಝೋನಿನಲ್ಲಿ ಫ್ಲೆಕ್ಸಿ ಡೆಸ್ಕ್ ಎಂಬ ಹಂಚಿಕೆಯ ಮೇಜು ಸಾಕಾಗುತ್ತದೆ. ಅದಕ್ಕೂ ವೀಸಾ ಮಿತಿ ಇದ್ದೇ ಇರುತ್ತದೆ.

ಲೈಸೆನ್ಸ್ ಕೈಗೆ ಬಂದಮೇಲೆ ಎಸ್ಟಾಬ್ಲಿಷ್‌ಮೆಂಟ್ ಕಾರ್ಡ್. ಈ ಕಂಪನಿ ವೀಸಾ ಅರ್ಜಿ ಹಾಕಬಹುದು ಎಂದು ವಲಸೆ ಇಲಾಖೆಯಲ್ಲಿ ತೆರೆಯುವ ಖಾತೆ ಅದು. ಅದಿಲ್ಲದೆ ಒಂದು ವೀಸಾವೂ ಹುಟ್ಟುವುದಿಲ್ಲ. ಅಲ್ಲಿಂದ ಮುಂದಿನದು ಅರ್ಜಿದಾರನ ಸರದಿ: ಎಂಟ್ರಿ ಪರ್ಮಿಟ್, ಮೆಡಿಕಲ್, ಎಮಿರೇಟ್ಸ್ ಐಡಿಗೆ ಬೆರಳಚ್ಚು, ಆರೋಗ್ಯ ವಿಮೆ, ಕೊನೆಗೆ ವಾಸದ ಪರವಾನಗಿ. ಎಂಟ್ರಿ ಪರ್ಮಿಟ್‌ಗೆ 60 ದಿನದ ಗಡುವು. ವಿಸಿಟ್ ವೀಸಾದಲ್ಲಿ ಅಲ್ಲೇ ಇದ್ದವರು ಹೆಚ್ಚಿನ ಶುಲ್ಕ ಕಟ್ಟಿ ದೇಶ ಬಿಡದೆಯೇ ಸ್ಥಿತಿ ಬದಲಾಯಿಸಿಕೊಳ್ಳಬಹುದು. ಅವಧಿ ಮೀರಿ ಉಳಿದರೆ ದಿನಕ್ಕೆ 50 ದಿರ್ಹಂ ದಂಡ. ಪಾಸ್‌ಪೋರ್ಟಿನಲ್ಲಿ ವೀಸಾ ಸ್ಟಿಕ್ಕರ್ ಅಂಟಿಸುವ ಪದ್ಧತಿ 2022ರಲ್ಲಿ ನಿಂತಿತು. ಈಗ ಎಮಿರೇಟ್ಸ್ ಐಡಿ ಕಾರ್ಡೇ ವಾಸಕ್ಕೆ ಪುರಾವೆ.

ಇವೆಲ್ಲವನ್ನೂ ವೀಸಾ ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರ್ ಅಥವಾ ಅಮೆರ್ ಸೆಂಟರಿನಲ್ಲಿ ತಾವೇ ಮಾಡಿಸಬಹುದು. ಬೇಕಿದ್ದರೆ ಪಿಆರ್‌ಒ ಎಂದು ಕರೆಯುವ ಓಡಾಟದವರನ್ನು ಇಟ್ಟುಕೊಳ್ಳಬಹುದು. ಯಾರಿಂದ ಮಾಡಿಸಿದರೂ ಅರ್ಜಿಯಲ್ಲಿ ನಿಮ್ಮದೇ ಮೊಬೈಲ್ ಸಂಖ್ಯೆ, ನಿಮ್ಮದೇ ಇಮೇಲ್ ಇರಲಿ. ಏಜೆಂಟ್ ತನ್ನ ಇಮೇಲ್ ಹಾಕಿದರೆ ದಂಡದ ನೋಟಿಸು, ನವೀಕರಣದ ನೆನಪೋಲೆ ಎಲ್ಲ ಅವನಿಗೇ ಹೋಗುತ್ತವೆ.

ಹೊರಡುವ ಮೊದಲೇ ಊರಲ್ಲಿ ನೋಡಿಕೊಳ್ಳುವ ಮೂರು ಸಂಗತಿ

ಒಂದು, ಪಾಸ್‌ಪೋರ್ಟಿನಲ್ಲಿರುವ ಹೆಸರು. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರಿಲ್ಲ. ಇನಿಷಿಯಲ್ ಒಂದಿರುತ್ತದೆ, ಅದೂ ಪಾಸ್‌ಪೋರ್ಟಿನಲ್ಲಿ ಬಿಟ್ಟುಹೋಗಿರುತ್ತದೆ. ‘ಮಂಜುನಾಥ’ ಎಂಬ ಒಂದೇ ಪದ, ಸರ್‌ನೇಮ್ ಜಾಗ ಖಾಲಿ. ಇಂಥ ಒಂಟಿ ಹೆಸರಿನವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಇಲ್ಲ ಎಂದು ಯುಎಇ 2022ರ ನವೆಂಬರ್‌ನಲ್ಲಿ ನಿಯಮ ಮಾಡಿತು. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಆಗುತ್ತದೆ ಎಂದು ಆಮೇಲೆ ಸ್ಪಷ್ಟನೆ ಬಂತು. ಆದರೂ ಪಾನ್ ಕಾರ್ಡ್, ಪದವಿ ಪತ್ರ, ಮದುವೆ ಪತ್ರಗಳಲ್ಲಿ ಮೂರು ಬಗೆಯ ಹೆಸರಿದ್ದರೆ ಬ್ಯಾಂಕಿನಲ್ಲಿ ತೊಡಕು ಖಂಡಿತ. ಪಾಸ್‌ಪೋರ್ಟ್ ತಿದ್ದಿಸುವುದಾದರೆ ಲೈಸೆನ್ಸ್ ಆಗುವ ಮೊದಲೇ ತಿದ್ದಿಸಬೇಕು. ಆಮೇಲಾದರೆ ಕಂಪನಿಯ ಪ್ರತಿ ಕಾಗದವನ್ನೂ ತಿದ್ದಿಸಬೇಕಾಗುತ್ತದೆ.

ಎರಡು, ಎದೆಯ ಎಕ್ಸ್‌ರೇ. ವೀಸಾ ಮೆಡಿಕಲ್‌ನಲ್ಲಿ ಎಚ್‌ಐವಿಗೆ ರಕ್ತ ಪರೀಕ್ಷೆ, ಕ್ಷಯಕ್ಕೆ ಎಕ್ಸ್‌ರೇ ಇರುತ್ತದೆ. ಎಂದೋ ಬಂದು ವಾಸಿಯಾದ ಟಿಬಿಯ ಕಲೆ ಶ್ವಾಸಕೋಶದಲ್ಲಿ ಉಳಿದಿದ್ದರೆ ಅಲ್ಲಿ ಇನ್ನಷ್ಟು ಪರೀಕ್ಷೆ ಹೇಳುತ್ತಾರೆ, ವೀಸಾ ಕೈತಪ್ಪಲೂಬಹುದು. ಮೆಡಿಕಲ್ ಬರುವುದು ಲೈಸೆನ್ಸಿಗೂ ಬಾಡಿಗೆಗೂ ಹಣ ಕಟ್ಟಿಯಾದ ಮೇಲೆ. ಆ ಹಣ ಹಿಂದೆ ಬರುವುದಿಲ್ಲ. ಊರಲ್ಲೇ ಕೆಲವು ನೂರು ರೂಪಾಯಿಗೆ ಒಂದು ಎಕ್ಸ್‌ರೇ ತೆಗೆಸಿ ವೈದ್ಯರಿಗೆ ತೋರಿಸಿಕೊಂಡರೆ ಲಕ್ಷಗಟ್ಟಲೆ ಹಣದ ಪ್ರಶ್ನೆಗೆ ಮೊದಲೇ ಉತ್ತರ ಸಿಗುತ್ತದೆ.

ಮೂರು, ಮದುವೆ ಮತ್ತು ಜನನ ಪ್ರಮಾಣಪತ್ರಗಳು. ಮನೆಯವರನ್ನೂ ಕರೆಸಿಕೊಳ್ಳುವುದಾದರೆ ಇವುಗಳ ಮೇಲೆ ಸಾಲುಸಾಲಾಗಿ ಮುದ್ರೆ ಬೀಳಬೇಕು: ರಾಜ್ಯ ಸರ್ಕಾರದ್ದು, ವಿದೇಶಾಂಗ ಸಚಿವಾಲಯದ್ದು, ಯುಎಇ ರಾಯಭಾರ ಕಚೇರಿಯದ್ದು, ಕೊನೆಗೆ ಅಲ್ಲಿನ ವಿದೇಶಾಂಗ ಇಲಾಖೆಯದ್ದು. ಯುರೋಪಿಗೆ ಸಾಕಾಗುವ ಅಪೊಸ್ಟಿಲ್ ಮುದ್ರೆ ಇಲ್ಲಿ ಸಾಲದು. ಛತ್ರದವರು ಕೊಟ್ಟ ಮದುವೆ ಪತ್ರವೂ ನಡೆಯುವುದಿಲ್ಲ, ಸಬ್ ರಿಜಿಸ್ಟ್ರಾರ್ ಕಚೇರಿಯದೇ ಬೇಕು.

ಬ್ಯಾಂಕ್ ಖಾತೆ: ಎಲ್ಲರೂ ಎಡವುವ ಮೆಟ್ಟಿಲು

ಲೈಸೆನ್ಸ್ ಬಂತು, ವೀಸಾ ಬಂತು, ಕಂಪನಿಗೆ ಖಾತೆ ಮಾತ್ರ ಆಗಲಿಲ್ಲ. ಅಲ್ಲಿ ಅತಿ ಹೆಚ್ಚು ಕೇಳಿಬರುವ ಗೋಳು ಇದು. ಖಾತೆ ಇಲ್ಲದ ಕಂಪನಿ ಗೋಡೆಗೆ ತೂಗುಹಾಕಿದ ಲೈಸೆನ್ಸ್ ಅಷ್ಟೇ. ಸರ್ಕಾರ ಲೈಸೆನ್ಸ್ ಕೊಟ್ಟಿದೆ ಎಂಬ ಕಾರಣಕ್ಕೆ ಬ್ಯಾಂಕು ಖಾತೆ ಕೊಡಲೇಬೇಕೆಂದಿಲ್ಲ. ಹಣ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಕಂಪನಿಯ ನಿಜವಾದ ಒಡೆಯ ಯಾರು ಎಂಬುದಕ್ಕೆ ಅವರಿಗೆ ಕಾಗದ ಬೇಕು. ಹೊಸ ಕಂಪನಿಯ ಬಳಿ ಅಂಥ ಕಾಗದ ಇರುವುದಿಲ್ಲ.

ಕಾಫಿ ವ್ಯಾಪಾರಿಯನ್ನೇ ಮತ್ತೆ ನೋಡಿ. ಚಿಕ್ಕಮಗಳೂರಿನ ಸಂಸ್ಥೆಯ ಜಿಎಸ್‌ಟಿ ನೋಂದಣಿ, ಕಳೆದ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್, ಪುಡಿ ಕೊಡುವವರ ಜೊತೆಗಿನ ಕರಾರು, ಕೊಳ್ಳುತ್ತೇವೆ ಎಂದ ಒಂದೆರಡು ಅಂಗಡಿಯವರ ಪತ್ರ, ವರ್ಷಕ್ಕೆ ಎಷ್ಟು ಟನ್ ಎಂಬ ಅಂದಾಜು ಇಷ್ಟನ್ನೂ ಒಂದು ಕಡತ ಮಾಡಿ ಒಯ್ದರೆ ಬ್ಯಾಂಕಿನವರ ಮುಂದೆ ಮಾತಾಡಲು ಏನಾದರೂ ಇರುತ್ತದೆ. ‘ಜನರಲ್ ಟ್ರೇಡಿಂಗ್’ ಲೈಸೆನ್ಸ್, ಹಂಚಿಕೆಯ ಮೇಜಿನ ವಿಳಾಸ, ‘ಎಲ್ಲ ಮಾರುತ್ತೇವೆ’ ಎಂಬ ವಿವರಣೆ ಮೂರೂ ಸೇರಿದರೆ ಅರ್ಜಿ ತಿರಸ್ಕಾರಕ್ಕೆ ಹತ್ತಿರ. ಖಾತೆಗೆ ವಾರಗಟ್ಟಲೆ ಹಿಡಿಯುತ್ತದೆ ಎಂದೇ ಲೆಕ್ಕ ಹಾಕಿ, ಅಷ್ಟು ದಿನದ ಬಾಡಿಗೆ, ಊಟದ ಹಣವನ್ನು ಬಂಡವಾಳಕ್ಕೆ ಸೇರಿಸಿಕೊಳ್ಳಬೇಕು.

ಭಾರತದಿಂದ ದುಡ್ಡು ಒಯ್ಯುವುದು

ಏಜೆಂಟರು ಸಾಮಾನ್ಯವಾಗಿ ಬಾಯಿ ಬಿಡದ ವಿಷಯ ಇದು, ಏಕೆಂದರೆ ಇದು ಅವರ ತಲೆನೋವಲ್ಲ. ಭಾರತದ ನಿವಾಸಿಯೊಬ್ಬ ಆರ್‌ಬಿಐನ ಎಲ್‌ಆರ್‌ಎಸ್ ಯೋಜನೆಯಡಿ ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಒಂದು ಡಾಲರಿಗೆ 3.6725 ದಿರ್ಹಂ ಎಂದು ದರ ನಿಗದಿಯಾಗಿರುವುದರಿಂದ ಅದು 9,18,125 ದಿರ್ಹಂ. ಸಣ್ಣ ವ್ಯಾಪಾರಕ್ಕೆ ಬೇಕಾದಷ್ಟಾಯಿತು.

ಆದರೆ ವಿದೇಶದ ಸ್ವಂತ ಕಂಪನಿಯ ಷೇರಿಗೆ ಹಾಕುವ ಹಣ ಮಗಳ ಫೀಸು ಕಳಿಸಿದ ಹಾಗಲ್ಲ. ಅದು ‘ಸಾಗರೋತ್ತರ ನೇರ ಹೂಡಿಕೆ’. 2022ರ ಆಗಸ್ಟ್ 22ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ಬ್ಯಾಂಕಿನ ಮೂಲಕ ಫಾರ್ಮ್ ಎಫ್‌ಸಿ ಸಲ್ಲಿಸಿ, ಆ ಹೂಡಿಕೆಗೆ ಯುಐಎನ್ ಎಂಬ ಗುರುತಿನ ಸಂಖ್ಯೆ ಪಡೆಯಬೇಕು. ಹಣ ಕಳಿಸಿದ ಆರು ತಿಂಗಳೊಳಗೆ ಷೇರು ಪ್ರಮಾಣಪತ್ರವನ್ನು ಬ್ಯಾಂಕಿಗೆ ಕೊಡಬೇಕು. ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಕಂಪನಿಯ ಸ್ಥಿತಿಗತಿಯ ವರದಿ ಸಲ್ಲಿಸಬೇಕು. ಹಣಕಾಸು ಸೇವೆಯ ಕಂಪನಿಯಲ್ಲಿ ವ್ಯಕ್ತಿಗಳು ಹೀಗೆ ಹೂಡುವಂತಿಲ್ಲ.

ಜನ ತಪ್ಪುವುದು ಎಲ್ಲಿ ಎಂದರೆ, ಏಜೆಂಟ್ ಕಳಿಸಿದ ಲಿಂಕ್ ಒತ್ತಿ ಕ್ರೆಡಿಟ್ ಕಾರ್ಡಿನಲ್ಲಿ ಹಣ ಕಟ್ಟುತ್ತಾರೆ. ಕಂಪನಿ ಹುಟ್ಟುತ್ತದೆ, ಹೆಸರಿನಲ್ಲಿ 100% ಷೇರು ಇರುತ್ತದೆ, ಆರ್‌ಬಿಐ ದಾಖಲೆಯಲ್ಲಿ ಮಾತ್ರ ಏನೂ ಇಲ್ಲ. ಮುಂದೆ ಲಾಭವನ್ನು ಊರಿಗೆ ತರುವಾಗ ಬ್ಯಾಂಕು ಯುಐಎನ್ ಕೇಳುತ್ತದೆ. ಆಗ ಫೆಮಾ ಎಂಬ ವಿದೇಶಿ ವಿನಿಮಯ ಕಾನೂನಿನಡಿ ತಡದ ಶುಲ್ಕ, ರಾಜಿ ಅರ್ಜಿ ಎಂದು ಅಲೆದಾಟ ಶುರು. ಹೊರಡುವ ಮೊದಲು ಊರಿನ ಬ್ಯಾಂಕಿನ ವಿದೇಶಿ ವಿನಿಮಯ ಶಾಖೆಯಲ್ಲೂ ಇಂಥ ಕಡತ ನೋಡಿರುವ ಲೆಕ್ಕಪರಿಶೋಧಕರ ಬಳಿಯೂ ಒಂದು ಸಲ ಕೂತು ಮಾತಾಡುವುದು ಒಳ್ಳೆಯದು.

ಕಳಿಸುವಾಗ ಮೂಲದಲ್ಲೇ ತೆರಿಗೆ ಹಿಡಿಯುವುದೂ ಉಂಟು. 2025ರ ಏಪ್ರಿಲ್ 1ರಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ 20%. 16 ಲಕ್ಷ ಕಳಿಸಿದರೆ 6 ಲಕ್ಷದ ಮೇಲೆ 1.2 ಲಕ್ಷ. ಇದು ಕಳೆದುಹೋದ ಹಣವಲ್ಲ. ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿಯವರೆಗೆ ಕೈಯಲ್ಲಿ ಇರುವುದಿಲ್ಲ.

‘ತೆರಿಗೆ ಸೊನ್ನೆ’ ಎಂಬ ಮಾತು

ವ್ಯಕ್ತಿಯ ಸಂಬಳಕ್ಕೆ ಅಲ್ಲಿ ತೆರಿಗೆ ಇಲ್ಲ, ನಿಜ. ಕಂಪನಿಯ ಲಾಭಕ್ಕೆ ಇದೆ. 2023ರ ಜೂನ್ 1ರಂದು ಅಥವಾ ಅದರ ನಂತರ ಶುರುವಾಗುವ ಲೆಕ್ಕದ ವರ್ಷಗಳಿಗೆ 3,75,000 ದಿರ್ಹಂ ದಾಟಿದ ಲಾಭದ ಮೇಲೆ 9%. ಲಾಭ 5,00,000 ಆದರೆ ತೆರಿಗೆ 1,25,000ದ ಮೇಲೆ ಮಾತ್ರ, ಅಂದರೆ 11,250 ದಿರ್ಹಂ. ವಹಿವಾಟು 30 ಲಕ್ಷ ದಿರ್ಹಂ ಮೀರದ ಸಣ್ಣ ಕಂಪನಿಗಳಿಗೆ 2026ರ ಡಿಸೆಂಬರ್ 31ರೊಳಗೆ ಮುಗಿಯುವ ತೆರಿಗೆ ಅವಧಿಗಳವರೆಗೆ ವಿನಾಯಿತಿ ಇದೆ. ಅದನ್ನೂ ರಿಟರ್ನ್‌ನಲ್ಲಿ ಕೇಳಿ ಪಡೆಯಬೇಕು.

ವ್ಯಾಟ್ 5%, 2018ರ ಜನವರಿ 1ರಿಂದ. ಅದರ ನೋಂದಣಿಯ ಮಿತಿಯೂ 3,75,000 ದಿರ್ಹಂ. ಒಂದೇ ಅಂಕಿ ಎರಡು ಕಡೆ ಇರುವುದರಿಂದ ಗೊಂದಲ ಹೆಚ್ಚು. ಮೊದಲನೆಯದು ಲಾಭದ ಲೆಕ್ಕ, ಎರಡನೆಯದು ವಹಿವಾಟಿನದು. ಕಾಫಿ ಪುಡಿಯಲ್ಲಿ ಒಂದು ದಿರ್ಹಂ ಲಾಭವಾಗದಿದ್ದರೂ 12 ತಿಂಗಳಲ್ಲಿ ನಾಲ್ಕು ಲಕ್ಷ ದಿರ್ಹಂ ಮಾಲು ಹೋಗಿದ್ದರೆ ವ್ಯಾಟ್ ನೋಂದಣಿ ಕಡ್ಡಾಯ.

ಲಾಭ ಇರಲಿ ಬಿಡಲಿ, ಫ್ರೀಝೋನ್ ಆಗಿರಲಿ ಮೇನ್‌ಲ್ಯಾಂಡ್ ಆಗಿರಲಿ, ಹೊಸ ಕಂಪನಿ ಹುಟ್ಟಿದ 3 ತಿಂಗಳೊಳಗೆ ಕಾರ್ಪೊರೇಟ್ ತೆರಿಗೆಗೆ ನೋಂದಾಯಿಸಿಕೊಳ್ಳಬೇಕು. ತಪ್ಪಿದರೆ 10,000 ದಿರ್ಹಂ ದಂಡ. ನೋಂದಣಿಗೆ ಶುಲ್ಕವೇ ಇಲ್ಲ, ಮರೆವಿಗೆ ಮಾತ್ರ ಇಷ್ಟು.

ಇನ್ನು ಭಾರತದ ಕಡೆ. ವೀಸಾ ಸಿಕ್ಕ ಮಾತ್ರಕ್ಕೆ ಯಾರೂ ಎನ್‌ಆರ್‌ಐ ಆಗುವುದಿಲ್ಲ. ವರ್ಷದಲ್ಲಿ 182 ದಿನ ಅಥವಾ ಹೆಚ್ಚು ಭಾರತದಲ್ಲಿದ್ದರೆ ಎಮಿರೇಟ್ಸ್ ಐಡಿ ಜೇಬಿನಲ್ಲಿದ್ದರೂ ಇಲ್ಲಿನ ನಿವಾಸಿಯೇ, ಜಗತ್ತಿನ ಎಲ್ಲ ಆದಾಯವೂ ಇಲ್ಲಿನ ಲೆಕ್ಕಕ್ಕೆ ಬರುತ್ತದೆ. ಭಾರತದಲ್ಲಿ 15 ಲಕ್ಷಕ್ಕಿಂತ ಹೆಚ್ಚು ಆದಾಯ ಇರುವವರಿಗೆ ದಿನಗಳ ನಿಯಮ ಇನ್ನೂ ಬಿಗಿ. ಬೇರೆ ಯಾವ ದೇಶದಲ್ಲೂ ತೆರಿಗೆಗೆ ಒಳಪಡದ ಭಾರತೀಯ ಪ್ರಜೆಯನ್ನು, ಇಲ್ಲಿನ ಆದಾಯ ಆ ಮಿತಿ ದಾಟಿದ್ದರೆ, ಒಂದು ದಿನವೂ ಇಲ್ಲಿರದಿದ್ದರೂ ನಿವಾಸಿ ಎಂದು ಪರಿಗಣಿಸಬಹುದು. ಬೆಂಗಳೂರಿನಲ್ಲಿ ಕೂತು ದುಬೈ ಕಂಪನಿ ನಡೆಸುವ ಯೋಚನೆ ಇದ್ದವರು ನಿಂತು ನೋಡಬೇಕಾದ ಜಾಗ ಇದು.

ಉಳಿಸಿಕೊಳ್ಳುವುದು, ಮುಚ್ಚುವುದು

180 ದಿನಕ್ಕಿಂತ ಹೆಚ್ಚು ಒಂದೇ ಸಮನೆ ಯುಎಇಯ ಹೊರಗಿದ್ದರೆ ಈ ವೀಸಾ ಸಾಮಾನ್ಯವಾಗಿ ಬಿದ್ದುಹೋಗುತ್ತದೆ. ಗೋಲ್ಡನ್ ವೀಸಾದವರಿಗೆ ಈ ನಿಯಮ ಇಲ್ಲ. ಆರು ತಿಂಗಳಿಗೊಮ್ಮೆ ಹೋಗಿ ಮುಖ ತೋರಿಸಿ ಬರುವವರು ವಿಮಾನದ ಖರ್ಚನ್ನೂ ಲೆಕ್ಕಕ್ಕೆ ಸೇರಿಸಲಿ. ವೀಸಾ 2 ವರ್ಷದ್ದಾದರೂ ಲೈಸೆನ್ಸ್ ಮತ್ತು ಬಾಡಿಗೆ ಸಾಮಾನ್ಯವಾಗಿ ವರ್ಷ ವರ್ಷದವು. ವೀಸಾ ದಿನಾಂಕವನ್ನಷ್ಟೇ ನೆನಪಿಟ್ಟುಕೊಂಡವರ ಲೈಸೆನ್ಸ್ ನಡುವಲ್ಲೇ ಮುಗಿದಿರುತ್ತದೆ, ದಂಡ ಏರುತ್ತಿರುತ್ತದೆ.

ವ್ಯಾಪಾರ ಕೈಗೂಡದಿದ್ದರೆ ಬಾಗಿಲು ಹಾಕಿ ವಿಮಾನ ಹತ್ತಿಬಿಡುವುದು ಅತ್ಯಂತ ದುಬಾರಿ ದಾರಿ. ಬಾಡಿಗೆಗೆ ಮುಂಗಡ ದಿನಾಂಕದ ಚೆಕ್ ಕೊಟ್ಟಿರುತ್ತೀರಿ. 2022ರ ಜನವರಿಯಿಂದ ಹಣವಿಲ್ಲದೆ ಚೆಕ್ ತಿರುಗಿಬಂದದ್ದಕ್ಕೆ ಮೊದಲಿನಂತೆ ಜೈಲಿನ ಭಯ ಇಲ್ಲದಿದ್ದರೂ, ಆ ಚೆಕ್ಕನ್ನೇ ಹಿಡಿದು ಮಾಲೀಕ ನೇರವಾಗಿ ವಸೂಲಿಗೆ ಹೋಗಬಹುದು. ಮುಚ್ಚುವುದಕ್ಕೂ ಒಂದು ಕ್ರಮ ಇದೆ: ಮೊದಲು ಸಿಬ್ಬಂದಿಯ ಮತ್ತು ಮನೆಯವರ ವೀಸಾ ರದ್ದು, ಆಮೇಲೆ ಮಾಲೀಕನ ವೀಸಾ, ನಂತರ ಎಸ್ಟಾಬ್ಲಿಷ್‌ಮೆಂಟ್ ಕಾರ್ಡ್, ಲೈಸೆನ್ಸ್. ತೆರಿಗೆ ನೋಂದಣಿಯನ್ನೂ ರದ್ದು ಮಾಡಿಸಬೇಕು. ಬ್ಯಾಂಕ್ ಖಾತೆಯನ್ನು ಮಾತ್ರ ಕೊನೆಯವರೆಗೆ ತೆರೆದಿಟ್ಟುಕೊಳ್ಳಿ. ಬಾಡಿಗೆ ಠೇವಣಿ, ವ್ಯಾಟ್ ಮರುಪಾವತಿ ಬರುವುದು ಅದೇ ಖಾತೆಗೆ, ಮತ್ತು ಒಮ್ಮೆ ಮುಚ್ಚಿದರೆ ಅದನ್ನು ಮತ್ತೆ ತೆರೆಸುವುದು ಮೊದಲ ಸಲಕ್ಕಿಂತ ಕಷ್ಟ.